ಮೌನ ಒಂದೇ ಬಗೆಯದಲ್ಲ: ಮೈಸೂರು, ಕಲ್ಕತ್ತಾ ಮತ್ತು ನಾಲ್ಕು ತರಹದ ಅಂತರ್ಮುಖಿಗಳು

ಚಾನೆಲ್‌ನಲ್ಲಿ ಈ ವಿಷಯದ ಮಾತು ಸ್ವಲ್ಪ ಉದ್ದವೇ ಆಯ್ತು. ಕೇಳೋದಕ್ಕಿಂತ ಓದೋದೇ ಮೇಲು ಅನ್ನುವವರಿಗಾಗಿ ಅದನ್ನೇ ತಿದ್ದಿ, ಮಾತಿನ ಭರದಲ್ಲಿ ಬಿಟ್ಟುಹೋದ ಇಸವಿಗಳನ್ನು ಸೇರಿಸಿ ಇಲ್ಲಿ ಕೊಡ್ತಾ ಇದ್ದೇನೆ. ವಿಷಯ ಅಂತರ್ಮುಖಿಗಳು, ಅಂದರೆ ಇಂಟ್ರೋವರ್ಟ್‌ಗಳು. ನಮ್ಮ ಕೇಳುಗರಲ್ಲಿ ಅರ್ಧಕ್ಕರ್ಧ ಜನ ಅದೇ ಪೈಕಿ ಅನ್ನೋದು ನನ್ನ ಅಂದಾಜು. ವಿಡಿಯೋ ಬಿಟ್ಟು ಬರಹ ಓದೋಕೆ ಬಂದಿದ್ದೀರಿ ಅಂದ್ರೆ ಅನುಮಾನವೇ ಬೇಡ.

ನಾನಿರುವ ಸಾಲ್ಟ್ ಲೇಕ್‌ನಲ್ಲಿ ವಿಳಾಸ ಅಂದ್ರೆ ಎರಡು ಅಕ್ಷರ. ಎ.ಎಫ್. ಬ್ಲಾಕ್, ಸಿ.ಕೆ. ಬ್ಲಾಕ್, ಜೆ.ಡಿ. ಬ್ಲಾಕ್, ಹೀಗೆ. ನಮ್ಮ ಸೆಕ್ಟರ್ ಫೈವ್ ಆಫೀಸುಗಳಲ್ಲಿ ಮನುಷ್ಯರಿಗೂ ಅಕ್ಷರ ಅಂಟಿಸುವ ರೂಢಿ ಇದೆ. ಎಚ್.ಆರ್. ಟ್ರೈನಿಂಗ್ ದಿನ ಒಂದು ಪ್ರಶ್ನಾವಳಿ ಕೊಡ್ತಾರೆ, ಸಂಜೆ ಹೊತ್ತಿಗೆ ಒಬ್ಬ ಐ.ಎನ್.ಟಿ.ಜೆ., ಇನ್ನೊಬ್ಬ ಇ.ಎಸ್.ಎಫ್.ಪಿ. ಆಗಿರ್ತಾನೆ. ಒಟ್ಟು ಹದಿನಾರು ಬಗೆ. ಅದರಲ್ಲಿ ಎಂಟು 'ಐ' ಅಕ್ಷರದಿಂದ ಶುರುವಾಗುತ್ತವೆ. ಅವು ಅಂತರ್ಮುಖಿಗಳ ಬಗೆಗಳು.

ಇಲ್ಲೊಂದು ವಿಚಿತ್ರ ಗಮನಿಸಿ. ಎಂಟೂ ಜನ ಮಾತು ಕಡಿಮೆಯವರೇ. ಆದ್ರೆ ಒಬ್ಬನ ಮೌನ ಕಂಡು ಜನ "ಏನೋ ಇದೆ ಈ ಮನುಷ್ಯನ ಹತ್ರ" ಅಂತಾರೆ. ಇನ್ನೊಬ್ಬನ ಮೌನ ಕಂಡು "ಅಹಂಕಾರ" ಅಂತಾರೆ. ಮೂರನೆಯವನು ಸುಮ್ಮನಿದ್ದರೆ ಅವನು ಅಲ್ಲಿದ್ದಾನೆ ಅನ್ನೋದೇ ಯಾರಿಗೂ ನೆನಪಿರಲ್ಲ. ಒಂದೇ ಮೌನಕ್ಕೆ ಬೇರೆ ಬೇರೆ ಬೆಲೆ ಯಾಕೆ? ಉತ್ತರ ಹುಡುಕ್ತಾ ಹೋದ್ರೆ ಸುಮಾರು ನೂರು ವರ್ಷದ ಹಿಂದಿನ ಮೈಸೂರು ಮತ್ತು ಕಲ್ಕತ್ತಾ ಎದುರಾಗುತ್ತವೆ. ಕನ್ನಡದವರಾಗಿ ಕೋಲ್ಕತ್ತಾದಲ್ಲಿ ಬದುಕ್ತಿರುವ ನಮಗೆ ಇದು ಮನೆಯ ಚರಿತ್ರೆಯೇ.

ಹೊಗಳಿಕೆಯಾಗಿದ್ದ ಪದ

ಮೊದಲು ಪದ ನೋಡೋಣ. 'ಅಂತರ್ಮುಖಿ' ನಮ್ಮಲ್ಲಿ ಮನೋವಿಜ್ಞಾನದ ಪದವಾಗಿ ಹುಟ್ಟಿದ್ದಲ್ಲ. ಇಂದ್ರಿಯಗಳು ಹೊರಗೆ ತೆರೆದುಕೊಂಡಿವೆ, ಧೀರನಾದವನು ಮಾತ್ರ ಕಣ್ಣನ್ನು ಒಳಗೆ ತಿರುಗಿಸುತ್ತಾನೆ ಅನ್ನುವ ಮಾತು ಕಠೋಪನಿಷತ್ತಿನಲ್ಲೇ ಇದೆ. ಅಂತರ್ಮುಖ ಆಗೋದು ಸಾಧನೆ, ಎಲ್ಲರ ಕೈಲೂ ಆಗುವಂಥದ್ದಲ್ಲ. ನಮ್ಮ ಆಡುಮಾತಿನಲ್ಲಿ ಮಾತ್ರ ಎರಡೂ ಇತ್ತು. "ತುಂಬಿದ ಕೊಡ ತುಳುಕೋದಿಲ್ಲ" ಅಂತ ಹೊಗಳಿಕೆಯೂ ಇತ್ತು, "ಗುಮ್ಮನ ಗುಸಕ" ಅಂತ ಬೈಗುಳವೂ ಇತ್ತು. ಅಂದ್ರೆ ಮಾತಾಡದವನ ಒಳಗೆ ಏನಿದೆ ಅಂತ ಗೊತ್ತಾಗದೆ ಜನ ಊಹೆ ಮಾಡೋದು ಹೊಸದೇನಲ್ಲ.

ಈಗಿನ ಅರ್ಥ ಕೊಟ್ಟದ್ದು ಸ್ವಿಟ್ಜರ್ಲೆಂಡಿನ ವೈದ್ಯ ಕಾರ್ಲ್ ಗುಸ್ತಾವ್ ಯೂಂಗ್, 1921ರಲ್ಲಿ ಬಂದ ಮನೋಬಗೆಗಳ ಪುಸ್ತಕದಲ್ಲಿ. ಅವರ ವಾದ ಸರಳ. ಕೆಲವರ ಮನಸ್ಸಿನ ಶಕ್ತಿ ಹೊರಗಿನ ವಸ್ತು, ಜನರ ಕಡೆ ಹರಿಯುತ್ತೆ. ಕೆಲವರದ್ದು ಒಳಗೆ ಹರಿಯುತ್ತೆ. ಅಲ್ಲಿಗೇ ಅವರು ನಿಲ್ಲಲಿಲ್ಲ. ಮನಸ್ಸು ಕೆಲಸ ಮಾಡುವ ನಾಲ್ಕು ದಾರಿ ಹೇಳಿದರು: ಯೋಚನೆ, ಭಾವ, ಇಂದ್ರಿಯಾನುಭವ, ಹೊಳಹು. ಒಳಮುಖ, ಹೊರಮುಖ ಅನ್ನೋ ಎರಡಕ್ಕೆ ಈ ನಾಲ್ಕನ್ನು ಗುಣಿಸಿದ್ರೆ ಎಂಟು ಬಗೆ. ಹಾಗಾಗಿ ಯೂಂಗ್ ಲೆಕ್ಕದಲ್ಲಿ ಅಂತರ್ಮುಖಿ ಅಂದ್ರೆ ಒಬ್ಬನಲ್ಲ, ನಾಲ್ಕು ಜನ.

ಆಫೀಸಿನ ಹದಿನಾರು ಬಗೆ ಬಂದದ್ದು ಆಮೇಲೆ. ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಯೂಂಗ್ ಪುಸ್ತಕ ಓದಿ ಬೆರಗಾದರು. ಅವರ ಮಗಳು ಇಸಬೆಲ್ ಬ್ರಿಗ್ಸ್ ಮೈಯರ್ಸ್ ಎರಡನೇ ಮಹಾಯುದ್ಧದ ಕಾಲದಲ್ಲಿ, ಯಾರಿಗೆ ಯಾವ ಕೆಲಸ ಹೊಂದುತ್ತೆ ಅಂತ ತಿಳಿಯೋದಕ್ಕೆ ಪ್ರಶ್ನಾವಳಿ ಕಟ್ಟಲು ಶುರು ಮಾಡಿದರು. ತಾಯಿ ಮಗಳು ಇಬ್ಬರೂ ಮನೋವಿಜ್ಞಾನ ಕಲಿತವರಲ್ಲ. ಇದರ ಮ್ಯಾನುಯಲ್ ಅಚ್ಚಾದದ್ದು 1962ರಲ್ಲಿ. ಇವತ್ತಿನ ಸಂಶೋಧಕರು ಇದನ್ನು ಅಷ್ಟಾಗಿ ನಂಬಲ್ಲ. ಅದೇ ವ್ಯಕ್ತಿ ಕೆಲವು ವಾರ ಬಿಟ್ಟು ಬರೆದರೆ ಎಷ್ಟೋ ಸಲ ಬೇರೆ ಅಕ್ಷರ ಬರುತ್ತೆ. ಜೊತೆಗೆ ಹೆಚ್ಚಿನ ಜನ ಪೂರ್ತಿ ಅಂತರ್ಮುಖಿಯೂ ಅಲ್ಲದೆ, ಪೂರ್ತಿ ಬಹಿರ್ಮುಖಿಯೂ ಅಲ್ಲದೆ ನಡುವೆ ಎಲ್ಲೋ ಇರ್ತಾರೆ. ಹಾಗಾಗಿ ಈ ಅಕ್ಷರಗಳನ್ನು ಬ್ಲಡ್ ಗ್ರೂಪ್ ತರ ನೋಡಬೇಡಿ. ಕತ್ತಲಲ್ಲಿ ಹಿಡಿದ ಟಾರ್ಚ್ ಅಂದುಕೊಳ್ಳಿ. ಕೆಳಗೆ ಕೆಲವು ದೊಡ್ಡವರ ಹೆಸರು ತರ್ತೇನೆ. ಅವರಿಗೆ ಲೇಬಲ್ ಹಚ್ಚೋದು ನನ್ನ ಉದ್ದೇಶವಲ್ಲ, ಟಾರ್ಚ್ ಬೆಳಕಲ್ಲಿ ಏನು ಕಾಣುತ್ತೆ ಅಂತ ನೋಡೋಣ ಅಷ್ಟೆ.

ಯೂಂಗ್ ನಮ್ಮ ಎರಡೂ ಊರಿಗೆ ಬಂದಿದ್ದರು

ಭಾರತದಲ್ಲಿ ಮನೋವಿಜ್ಞಾನದ ಮೊದಲ ವಿಭಾಗ ಶುರುವಾದದ್ದು ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ, 1916ರಲ್ಲಿ. ಎಂಟು ವರ್ಷದ ನಂತರ, 1924ರಲ್ಲಿ, ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ವಿಭಾಗ ಕಟ್ಟಿದರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ರೇಡಿಯೋ ಕೇಂದ್ರ ನಡೆಸಿ ಅದಕ್ಕೆ 'ಆಕಾಶವಾಣಿ' ಅಂತ ಹೆಸರಿಟ್ಟವರೂ ಇವರೇ. ಮನಸ್ಸಿನ ಒಳಗನ್ನು ಓದುವ ಮೇಷ್ಟ್ರು ಮಾತನ್ನು ಊರಿಗೆಲ್ಲ ಹರಡುವ ಯಂತ್ರ ಕಟ್ಟಿದ್ದು ನನಗೆ ಬಹಳ ಇಷ್ಟವಾದ ಸಂಗತಿ.

1938ರ ಜನವರಿಯಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿಗೆ 25 ವರ್ಷ ತುಂಬಿತು. ಕಲ್ಕತ್ತಾದಲ್ಲಿ ಸಮಾರಂಭ. ಅದಕ್ಕೆ ಬ್ರಿಟಿಷ್ ಸರ್ಕಾರ ಕರೆಸಿದವರಲ್ಲಿ ಯೂಂಗ್ ಕೂಡ ಒಬ್ಬರು. ಅಲಹಾಬಾದ್, ಬನಾರಸ್, ಕಲ್ಕತ್ತಾ ಮೂರೂ ಕಡೆ ಅವರಿಗೆ ಗೌರವ ಡಾಕ್ಟರೇಟ್ ಸಿಕ್ಕಿತು. ಇಷ್ಟೆಲ್ಲ ಸಂಭ್ರಮದ ನಡುವೆ ಆ ಮನುಷ್ಯ ಏನು ಮಾಡ್ತಾ ಇದ್ದರು ಗೊತ್ತಾ? 1602ರ ಒಂದು ದಪ್ಪ ಲ್ಯಾಟಿನ್ ರಸವಿದ್ಯೆಯ ಪುಸ್ತಕ ಜೊತೆಗೆ ತಂದಿದ್ದರು. ಪ್ರವಾಸದುದ್ದಕ್ಕೂ ಅದನ್ನು ಮೊದಲಿಂದ ಕೊನೆವರೆಗೆ ಓದಿದರು. ಕಲ್ಕತ್ತಾದಲ್ಲಿ ಆಮಶಂಕೆ ಹಿಡಿದು ಹತ್ತು ದಿನ ಆಸ್ಪತ್ರೆ ಸೇರಿದಾಗ, ಹೊಸ ಅನುಭವಗಳ ಕಡಲಿನಲ್ಲಿ ಒಂದು ದ್ವೀಪ ಸಿಕ್ಕಂತಾಯ್ತು ಅಂತ ತಮ್ಮ ನೆನಪುಗಳಲ್ಲಿ ಹೇಳಿಕೊಂಡಿದ್ದಾರೆ. ವಾಪಸ್ ಹೋಗುವಾಗ ಹಡಗು ಮುಂಬಯಿಯಲ್ಲಿ ನಿಂತರೂ ಇಳಿಯಲಿಲ್ಲ, ಓದ್ತಾ ಕೂತರು. ಟೀಮ್ ಔಟಿಂಗ್‌ಗೆ ಹೋಗಿ ರೂಮಲ್ಲೇ ಪುಸ್ತಕ ಹಿಡಿದು ಕೂತ ಗೆಳೆಯ ನೆನಪಾದನಾ?

ಆದ್ರೆ ಇದೇ ಯೂಂಗ್ ಮೈಸೂರಿಗೆ ಬಂದಾಗ ಮಹಾರಾಜರಿಗೆ ವೇದಾಂತ ಹೇಳಿಕೊಡುತ್ತಿದ್ದ ವಿ. ಸುಬ್ರಹ್ಮಣ್ಯ ಅಯ್ಯರ್ ಅವರ ಜೊತೆ ಗಹನವಾದ ಮಾತುಕತೆ ನಡೆಸಿದರು, ಅವರ ಅತಿಥಿಯಾಗಿದ್ದರು. ಸಮಾರಂಭ ಅಂದ್ರೆ ದೂರ, ಸರಿಯಾದ ಒಬ್ಬ ಮನುಷ್ಯ ಸಿಕ್ಕರೆ ಮಾತೇ ಮಾತು. ಅಂತರ್ಮುಖಿಗೆ ಮಾತು ಬರಲ್ಲ ಅನ್ನೋದು ಸುಳ್ಳು. ಎಲ್ಲಿ ಬಾಗಿಲು ತೆರೆಯುತ್ತೆ ಅನ್ನೋದಷ್ಟೇ ಪ್ರಶ್ನೆ. ಆ ಬಾಗಿಲು ನಾಲ್ಕು ಬಗೆಯವರಿಗೆ ನಾಲ್ಕು ಕಡೆ ಇರುತ್ತೆ.

ನಾಲ್ಕು ಬಗೆ, ನಾಲ್ಕು ಬಾಗಿಲು

ಮೊದಲನೆಯದು ಒಳಮುಖ ಯೋಚನೆ. ಆಫೀಸಿನ ಅಕ್ಷರದಲ್ಲಿ ಐ.ಎನ್.ಟಿ.ಪಿ., ಐ.ಎಸ್.ಟಿ.ಪಿ. ಯೂಂಗ್ ಇದಕ್ಕೆ ಕೊಟ್ಟ ಉದಾಹರಣೆ ದಾರ್ಶನಿಕ ಕಾಂಟ್. ಹೊರಗಿನವರಿಗೆ ಇವರು ತಣ್ಣಗಿರುವವರು, ಹಟಮಾರಿಗಳು ಅನ್ನಿಸ್ತಾರೆ. ತಮ್ಮ ಯೋಚನೆಯನ್ನು ಮಾರೋಕೆ ಇವರಿಗೆ ಬರಲ್ಲ. ನನಗೆ ಕೂಡಲೇ ನೆನಪಾಗೋದು ಭೌತವಿಜ್ಞಾನಿ ಪಾಲ್ ಡಿರಾಕ್. ಅವರು ಎಷ್ಟು ಕಡಿಮೆ ಮಾತಾಡ್ತಿದ್ದರು ಅಂದ್ರೆ, ಗಂಟೆಗೆ ಒಂದು ಪದ ಅನ್ನೋ ಅಳತೆಗೆ ಕೇಂಬ್ರಿಡ್ಜಿನ ಸಹೋದ್ಯೋಗಿಗಳು ತಮಾಷೆಗೆ 'ಒಂದು ಡಿರಾಕ್' ಅಂತ ಹೆಸರಿಟ್ಟಿದ್ದರು.

ಅವರಿಗೆ ಪೂರ್ತಿ ವಿರುದ್ಧ ಸ್ವಭಾವದವರು ನಮ್ಮ ಸತ್ಯೇಂದ್ರನಾಥ ಬೋಸ್. ಅವರ ಹೆಸರಿನ ಸಂಶೋಧನಾ ಕೇಂದ್ರ ಇಲ್ಲೇ ಜೆ.ಡಿ. ಬ್ಲಾಕಿನಲ್ಲಿದೆ, 1986ರಲ್ಲಿ ಶುರುವಾದದ್ದು. ಬೋಸ್ ಅಡ್ಡಾ ಪ್ರಿಯರು. ಅಡ್ಡಾ ಅಂದ್ರೆ ನಮ್ಮ ಅರಳಿಕಟ್ಟೆ ಹರಟೆ ಅಂತ ಇಟ್ಟುಕೊಳ್ಳಿ, ಜೊತೆಗೆ ಮಣ್ಣಿನ ಕುಡಿಕೆಯಲ್ಲಿ ಚಹಾ. ಎಸ್ರಾಜ್ ನುಡಿಸೋರು, ಸಾಹಿತ್ಯ, ವಿಜ್ಞಾನ ಎಲ್ಲದರ ಮೇಲೂ ಮಾತಾಡೋರು. ಡಿರಾಕ್ ದಂಪತಿ ಕಲ್ಕತ್ತಾಗೆ ಬಂದಾಗಿನ ಒಂದು ಪ್ರಸಂಗ ಹೇಳ್ತಾರೆ. ಕಾರಿನ ಹಿಂದಿನ ಸೀಟಿನಲ್ಲಿ ಅವರಿಬ್ಬರೇ. ಮುಂದೆ ಡ್ರೈವರ್ ಪಕ್ಕದಲ್ಲಿ ಬೋಸ್, ಆಮೇಲೆ ಅವರು ಕರೆದ ವಿದ್ಯಾರ್ಥಿಗಳು. ಇಕ್ಕಟ್ಟಾಗಲ್ವಾ ಅಂತ ಡಿರಾಕ್ ಕೇಳಿದ್ರೆ, ನಾವು ಬೋಸ್ ಸಂಖ್ಯಾಶಾಸ್ತ್ರ ನಂಬೋರು ಅಂದರಂತೆ ಬೋಸ್. ಆ ಸಂಖ್ಯಾಶಾಸ್ತ್ರದಲ್ಲಿ ಕಣಗಳು ಒಂದೇ ಕಡೆ ಒತ್ತೊತ್ತಾಗಿ ಸೇರ್ತವೆ ಅಂತ ಡಿರಾಕ್ ಹೆಂಡತಿಗೆ ವಿವರಿಸಿದರಂತೆ. ಫರ್ಮಿ ಮತ್ತು ಡಿರಾಕ್ ಹೆಸರಿನ ಸಂಖ್ಯಾಶಾಸ್ತ್ರದಲ್ಲಿ ಒಂದು ಸ್ಥಿತಿಯಲ್ಲಿ ಒಂದೇ ಕಣ, ಪಕ್ಕದಲ್ಲಿ ಇನ್ನೊಂದಕ್ಕೆ ಜಾಗವಿಲ್ಲ! ಅಡ್ಡಾ ಮನುಷ್ಯನ ಹೆಸರಿನಲ್ಲಿ ಗುಂಪುಗೂಡುವ ಕಣ, ಮೌನಿಯ ಹೆಸರಿನಲ್ಲಿ ಒಂಟಿ ಕಣ. ಆ ಗುಂಪುಗೂಡುವ ಕಣಗಳಿಗೆ 'ಬೋಸಾನ್' ಅಂತ ಹೆಸರಿಟ್ಟವರು ಇದೇ ಡಿರಾಕ್. ಗಂಟೆಗೊಂದು ಪದ ಆಡುವ ಮನುಷ್ಯ ಆಡಿದ ಒಂದು ಪದ ನಮ್ಮ ಬೋಸರ ಹೆಸರನ್ನು ಲೋಕದ ಪಠ್ಯಪುಸ್ತಕಕ್ಕೆಲ್ಲ ಸೇರಿಸಿತು. ಈ ಬಗೆಯವರ ಬಾಗಿಲು ತೆರೆಯೋದು ಸರಿಯಾದ ಪ್ರಶ್ನೆಗೆ. "ವೀಕೆಂಡ್ ಏನು ಪ್ಲಾನ್?" ಅಂದ್ರೆ ಮುಚ್ಚಿಕೊಳ್ಳುತ್ತೆ.

ಎರಡನೆಯದು ಒಳಮುಖ ಭಾವ, ಐ.ಎನ್.ಎಫ್.ಪಿ., ಐ.ಎಸ್.ಎಫ್.ಪಿ. ಇಲ್ಲಿ ಭಾವ ಅಂದ್ರೆ ಅಳು, ನಗು ಅಲ್ಲ. ಯಾವುದು ಮುಖ್ಯ, ಯಾವುದು ಅಲ್ಲ ಅಂತ ಒಳಗೇ ಬೆಲೆ ಕಟ್ಟುವ ಗುಣ. ಮೇಲೆ ನೋಡಿದ್ರೆ ನಿಂತ ನೀರು, ಆಳ ಗೊತ್ತಾಗಲ್ಲ. ಹೊರಗಿನವರಿಗೆ ಇವರು ನಿರಾಸಕ್ತರ ತರ ಕಾಣ್ತಾರೆ. ಬಂಗಾಳದಲ್ಲಿ ಇದಕ್ಕೆ ಕವಿ ಜೀಬನಾನಂದ ದಾಸ್ ಅವರಿಗಿಂತ ಬೇರೆ ಹೆಸರು ಬೇಕಾ? 1899ರಲ್ಲಿ ಬರಿಸಾಲ್‌ನಲ್ಲಿ ಹುಟ್ಟಿದವರು, ಇಂಗ್ಲಿಷ್ ಮೇಷ್ಟ್ರು. 1928ರಲ್ಲಿ ಕಲ್ಕತ್ತಾದ ಕಾಲೇಜಿನ ಕೆಲಸ ಹೋಯಿತು. ಸಭೆ, ಗುಂಪು ಅಂದ್ರೆ ಆಗದು. ಅವರನ್ನು ಎಲ್ಲರಿಗಿಂತ ಒಂಟಿ ಕವಿ ಅಂತ ಗುರುತಿಸಿ, ತಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಿ ಓದುಗರ ಮುಂದಿಟ್ಟವರು ಬುದ್ಧದೇವ ಬಸು. 1954ರ ಅಕ್ಟೋಬರ್ 14ರಂದು ಟ್ರಾಮ್ ಬಡಿದು, 22ರಂದು ತೀರಿಕೊಂಡರು. ಆಮೇಲೆ ಮನೆಯ ಟ್ರಂಕುಗಳಲ್ಲಿ ಸಿಕ್ಕದ್ದು ಯಾರಿಗೂ ತೋರಿಸದ ಕಾದಂಬರಿ, ಕತೆ, ಕವಿತೆಗಳು. ಮರುವರ್ಷವೇ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1930ರ ದಶಕದಲ್ಲಿ ಬರೆದು ಪಕ್ಕಕ್ಕಿಟ್ಟಿದ್ದ 'ರೂಪಸಿ ಬಾಂಗ್ಲಾ' ಅಚ್ಚಾದದ್ದು 1957ರಲ್ಲಿ. ಇವತ್ತು ನಿಮ್ಮ ಪಕ್ಕದ ಕ್ಯೂಬಿಕಲ್‌ನ ಬಂಗಾಳಿ ಹುಡುಗಿಗೆ ಅವರ ಹೆಸರು ಹೇಳಿ, ಮುಖ ಅರಳುತ್ತೆ. ಬದುಕಿದ್ದಾಗ ಆ ಆಳಕ್ಕಿಳಿದವರು ಬೆರಳೆಣಿಕೆಯ ಜನ. ಈ ಬಗೆಯವರಿಗೆ ಸಭೆ ಬೇಡ, ನಂಬಿಕೆಯ ಒಬ್ಬ ಓದುಗ ಬೇಕು, ಕಾಯುವ ತಾಳ್ಮೆ ಬೇಕು.

ಮೂರನೆಯದು ಒಳಮುಖ ಹೊಳಹು, ಐ.ಎನ್.ಟಿ.ಜೆ., ಐ.ಎನ್.ಎಫ್.ಜೆ. ಇಂಟರ್ನೆಟ್‌ನಲ್ಲಿ ಅತಿ ಹೆಚ್ಚು ಗ್ಲಾಮರ್ ಇರೋದು ಇವರಿಗೇ. ನಿಗೂಢ, ದೂರದೃಷ್ಟಿ ಅಂತೆಲ್ಲ. ಯೂಂಗ್ ಅಷ್ಟು ಉದಾರವಾಗಿರಲಿಲ್ಲ. ಈ ಮನುಷ್ಯ ದ್ರಷ್ಟಾರನೂ ಆಗಬಹುದು, ಕಲಾವಿದನೂ ಆಗಬಹುದು, ಬರೀ ತಿಕ್ಕಲನೂ ಆಗಬಹುದು ಅನ್ನೋದು ಅವರ ಮಾತಿನ ಸಾರ. ಸ್ವತಃ ಅವರೇ 1959ರ ಬಿಬಿಸಿ ಸಂದರ್ಶನದಲ್ಲಿ ತಮ್ಮಲ್ಲಿ ಯೋಚನೆ ಮತ್ತು ಹೊಳಹು ಮುಂದು, ಭಾವದಲ್ಲಿ ತೊಡಕು ಅಂತ ಒಪ್ಪಿಕೊಂಡಿದ್ದರು. ವಿಜ್ಞಾನ ಸಮಾರಂಭಕ್ಕೆ ರಸವಿದ್ಯೆಯ ಪುಸ್ತಕ ಹಿಡಿದು ಬಂದವರನ್ನು ಹೊಗಳೋದೋ ನಗೋದೋ? ಆ ಓದಿನಿಂದ ಪುಸ್ತಕಗಳು ಬಂದದ್ದಕ್ಕೆ ನಾವು ಹೊಗಳ್ತೇವೆ. ಬರದೇ ಇದ್ದಿದ್ದರೆ ವಿಚಿತ್ರ ಡಾಕ್ಟರು ಅಂತಿದ್ದೆವು. ಇವರ ಒಳಗಿರೋದು ಒಂದು ಚಿತ್ರವಾಗಿ, ಕತೆಯಾಗಿ, ನಕ್ಷೆಯಾಗಿ ಹೊರಬಂದಾಗ ಮಾತ್ರ ಜನ ಹತ್ತಿರ ಬರ್ತಾರೆ.

ನಾಲ್ಕನೆಯದು ಒಳಮುಖ ಇಂದ್ರಿಯಾನುಭವ, ಐ.ಎಸ್.ಟಿ.ಜೆ., ಐ.ಎಸ್.ಎಫ್.ಜೆ. ಶಾಂತ, ತಟಸ್ಥ ಅನ್ನಿಸುವ, ಕಂಡದ್ದರ ಅಚ್ಚು ಒಳಗೆ ಆಳವಾಗಿ ಉಳಿಸಿಕೊಳ್ಳುವ ಮನುಷ್ಯನನ್ನು ಯೂಂಗ್ ಬಣ್ಣಿಸಿದರು. ಮುಂದೆ ಮೈಯರ್ಸ್ ಕೈಯಲ್ಲಿ ಇದೇ ಬಗೆ ಲೆಕ್ಕ, ದಾಖಲೆ, ವಿವರ ಕಾಯುವ ನಂಬಿಕಸ್ಥನಾಯಿತು. "ಬೋರ್" ಅನ್ನೋ ಮಾತು ಹೆಚ್ಚು ಬೀಳೋದು ಇವರ ತಲೆ ಮೇಲೆ. ಚರಿತ್ರೆಯಲ್ಲಿ ಇವರಿಗೆ ಹೆಸರೇ ಇರಲ್ಲ ಅನ್ನೋದಕ್ಕೆ ಮೈಸೂರಲ್ಲೇ ಸಾಕ್ಷಿ ಇದೆ. ಕೌಟಿಲ್ಯನ ಅರ್ಥಶಾಸ್ತ್ರ ಕಳೆದೇಹೋಗಿದೆ ಅಂತ ವಿದ್ವಾಂಸರು ಅಂದುಕೊಂಡಿದ್ದರು. ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು ಗ್ರಂಥ ಲಿಪಿಯ ತಾಳೆಗರಿ ಪ್ರತಿಯನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಕೊಟ್ಟರು. ಅಲ್ಲಿನ ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ, ಗರಿ ಗರಿ ಓದಿ, 1909ರಲ್ಲಿ ಅಚ್ಚು ಹಾಕಿಸಿ, 1915ರಲ್ಲಿ ಇಂಗ್ಲಿಷ್ ಅನುವಾದ ಪ್ರಕಟಿಸಿದರು. ಶಾಸ್ತ್ರಿಗಳ ಹೆಸರು ಲೋಕಕ್ಕೆ ಗೊತ್ತಾಯ್ತು. ತಲೆಮಾರುಗಟ್ಟಲೆ ಆ ಗರಿಗಳನ್ನು ಹುಳ ಹಿಡಿಯದಂತೆ ಕಾಪಾಡಿದ ಮನೆತನ ಯಾವುದು, ಪ್ರತಿ ಮಾಡಿದ ಕೈ ಯಾರದ್ದು? ಅವರ ಸ್ವಭಾವ ಹೇಗಿತ್ತೋ ಹೇಳಲಾಗದು, ಆದ್ರೆ ಅವರು ಮಾಡಿದ್ದು ಈ ಬಗೆಯ ಕೆಲಸ. ನಮ್ಮ ಕಡೆ ಪ್ರೊಡಕ್ಷನ್ ಸರ್ವರ್ ರಾತ್ರಿ ಎರಡು ಗಂಟೆಗೆ ಬೀಳದ ಹಾಗೆ ನೋಡಿಕೊಳ್ಳುವವರ ಕೆಲಸವೂ ಇದೇ. ಸರ್ವರ್ ಬಿದ್ದ ದಿನ ಎಲ್ಲರಿಗೂ ಅವರ ಹೆಸರು ನೆನಪಾಗುತ್ತೆ. ಬೀಳದ ಮುನ್ನೂರು ದಿನ ಯಾರೂ ಕೇಳಲ್ಲ.

ಈ ಕೊನೆಯ ಎರಡು ಬಗೆಯವರು ಹೊರಗಿನ ಕಣ್ಣಿಗೆ ಅತ್ಯಂತ ನಿಷ್ಪ್ರಯೋಜಕರಂತೆ ಕಾಣ್ತಾರೆ ಅಂತ ಯೂಂಗ್ ನೇರವಾಗೇ ಬರೆದಿದ್ದರು. ಆದ್ರೆ ಅವರ ಮಾತಿಗಿಂತ ಅವರ ಬದುಕು ಹೆಚ್ಚು ಕಲಿಸುತ್ತೆ ಅಂತಲೂ ಸೇರಿಸಿದ್ದರು.

ಒಂದು ಅದಲುಬದಲು

ಈಗ ಈ ನಾಲ್ಕನ್ನೂ ಪಕ್ಕಕ್ಕಿಟ್ಟು, ಒಂದೇ ಕಾಲದ ಮೂವರನ್ನು ನೋಡೋಣ. 1918ರಲ್ಲಿ ಎಸ್. ರಾಧಾಕೃಷ್ಣನ್ ಮೈಸೂರಿನ ಮಹಾರಾಜ ಕಾಲೇಜಿಗೆ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದರು. ಅದ್ಭುತ ವಾಗ್ಮಿ. 1921ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದ ಐದನೇ ಜಾರ್ಜ್ ಪೀಠಕ್ಕೆ ಹೊರಟಾಗ ವಿದ್ಯಾರ್ಥಿಗಳು ಸಾರೋಟಿನ ಕುದುರೆ ಬಿಚ್ಚಿ, ತಾವೇ ಸ್ಟೇಷನ್ನಿನವರೆಗೆ ಎಳೆದುಕೊಂಡು ಹೋದ ಕಥೆ ನಿಮಗೆಲ್ಲ ಗೊತ್ತು. ಕಲ್ಕತ್ತಾದಲ್ಲಿ ಆ ಪೀಠ ಖಾಲಿ ಮಾಡಿದವರು ಬ್ರಜೇಂದ್ರನಾಥ ಸೀಲ್. ಅವರು ಎಲ್ಲಿಗೆ ಹೋದರು? ಮೈಸೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿ ಮೈಸೂರಿಗೆ! ಎರಡು ಊರುಗಳ ನಡುವೆ ಸರಿಯಾದ ಅದಲುಬದಲು.

ಸೀಲ್ ನಡೆದಾಡುವ ವಿಶ್ವಕೋಶ. ವಿವೇಕಾನಂದರ ಸಹಪಾಠಿ. ಅವರಿಗೆ ತಿಳಿದಿದ್ದಕ್ಕೆ ಹೋಲಿಸಿದ್ರೆ ಬರೆದದ್ದು ತೀರ ಕಡಿಮೆ, ಆದ್ರೆ ಎದುರು ಕೂತವರಿಗೆ ಧಾರೆ ಎರೆದರು. ಕಲ್ಕತ್ತಾ ವಿಶ್ವವಿದ್ಯಾಲಯದ ಪರೀಕ್ಷಾ ಫಲಿತಾಂಶಗಳ ಲೆಕ್ಕ ನೋಡು ಅಂತ ಒಬ್ಬ ಯುವಕನಿಗೆ ಹಚ್ಚಿದರು. ಅವರೇ ಪಿ.ಸಿ. ಮಹಲನೋಬಿಸ್, 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಕಟ್ಟಿದವರು.

ಮೂರನೆಯವರು ಎಂ. ಹಿರಿಯಣ್ಣ. ಅದೇ ಮಹಾರಾಜ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರು. 1871ರಲ್ಲಿ ಹುಟ್ಟಿದವರು, ರಾಧಾಕೃಷ್ಣನ್ ಅವರಿಗಿಂತ ಹದಿನೇಳು ವರ್ಷ ದೊಡ್ಡವರು. ಅವರನ್ನು ಬಲ್ಲವರೆಲ್ಲ ಹೇಳೋದು ಒಂದೇ: ಮಿತಭಾಷಿ, ಸಂಕೋಚದ ಮನುಷ್ಯ, ತಮ್ಮನ್ನು ಮುಂದೆ ಮಾಡಿಕೊಳ್ಳದವರು. ಅವರ ಸಾರೋಟನ್ನು ಯಾರೂ ಎಳೆದದ್ದು ನಾನಂತೂ ಎಲ್ಲೂ ಓದಿಲ್ಲ. 1927ರಲ್ಲಿ ಸದ್ದಿಲ್ಲದೆ ನಿವೃತ್ತರಾದರು. 1932ರಲ್ಲಿ, ಅರವತ್ತು ದಾಟಿದ ಮೇಲೆ, ಲಂಡನ್ನಿನ ಅಲೆನ್ ಅಂಡ್ ಅನ್ವಿನ್ ಅವರಿಂದ ಅವರ 'ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ' ಬಂತು. ವರ್ಷಗಟ್ಟಲೆ ಕ್ಲಾಸಿನಲ್ಲಿ ಮಾಡಿದ ಪಾಠವೇ ಪುಸ್ತಕದ ಬುನಾದಿ. ಅದರ ಮುನ್ನುಡಿಯಲ್ಲಿ ರಾಧಾಕೃಷ್ಣನ್ ತೋರಿಸಿದ ಆಸಕ್ತಿಗೆ ಕೃತಜ್ಞತೆ ಹೇಳಿದ್ದಾರೆ. ಇವತ್ತಿಗೂ ಯು.ಪಿ.ಎಸ್.ಸಿ.ಗೆ ಫಿಲಾಸಫಿ ತೆಗೆದುಕೊಂಡ ನಿಮ್ಮ ಕಸಿನ್ ಟೇಬಲ್ ಮೇಲೆ ಆ ಪುಸ್ತಕ ಇರುತ್ತೆ. ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆ ಇಲ್ಲ. ಮಾತು ಅಳೆದು ಆಡುವ ಮನುಷ್ಯನ ಸ್ವಭಾವವೇ ಪುಸ್ತಕದ ಗುಣವಾಯ್ತು. 1950ರಲ್ಲಿ ಅವರು ತೀರಿಕೊಂಡ ಮೇಲೆ ಚದುರಿದ್ದ ಲೇಖನಗಳನ್ನು ಸೇರಿಸಿ ಪುಸ್ತಕ ಮಾಡಿದ್ದು ಮೈಸೂರಿನ ಕಾವ್ಯಾಲಯ.

ಇಲ್ಲಿ ನನಗೆ ಕಾಣೋ ಪಾಠ ಇದು. 'ಇಂಟರೆಸ್ಟಿಂಗ್' ಅನ್ನೋದು ಮನುಷ್ಯನ ಒಳಗೆ ಕೂತಿರುವ ಗುಣ ಅಲ್ಲವೇ ಅಲ್ಲ. ಒಳಗಿರೋದು ಹೊರಗೆ ಬರೋಕೆ ದಾರಿ ಸಿಕ್ಕಿತಾ, ಆ ದಾರಿಯ ಇನ್ನೊಂದು ತುದಿಯಲ್ಲಿ ಯಾರಾದರೂ ನಿಂತಿದ್ದರಾ, ಅದರ ಮೇಲೆ ನಿಂತಿದೆ. ಹಿರಿಯಣ್ಣನವರಿಗೆ ಕ್ಲಾಸ್ ರೂಮ್ ಇತ್ತು, ವಾಗ್ಮಿ ಸಹೋದ್ಯೋಗಿ ಇದ್ದರು. ಜೀಬನಾನಂದರಿಗೆ ಒಂದು ಪತ್ರಿಕೆ ಮತ್ತು ಒಂದು ಟ್ರಂಕು. ತಾಳೆಗರಿ ಕಾಪಾಡಿದವರಿಗೆ ದಾರಿಯೇ ಇರಲಿಲ್ಲ. ಕೆಲಸ ಬಂತು, ಹೆಸರು ಬರಲಿಲ್ಲ.

ಮೌನ ಸ್ವಭಾವದ್ದೋ, ಭಾಷೆಯದ್ದೋ?

ಈಗ ನಮ್ಮ ವಿಷಯ. ಹೊರರಾಜ್ಯದಲ್ಲಿ ಕೆಲಸ ಮಾಡುವ ಕನ್ನಡಿಗರಿಗೆ ಈ ನಾಲ್ಕರ ಜೊತೆ ಐದನೇ ಮೌನ ಒಂದಿದೆ. ಹಾಸನದ ಕಟ್ಟೆ ಮೇಲೆ ಮೂರು ಗಂಟೆ ಹರಟುವ ಹುಡುಗ ಸೆಕ್ಟರ್ ಫೈವ್ ಚಹಾ ಅಂಗಡಿ ಮುಂದೆ ಅಂತರ್ಮುಖಿ ಆಗಿಬಿಡ್ತಾನೆ. ಅಡ್ಡಾ ನಡೆಯೋದು ಬಂಗಾಳಿಯಲ್ಲಿ. ಇವನಿಗೆ ಅರ್ಥ ಆಗುತ್ತೆ, ಆದ್ರೆ ಜೋಕ್ ಹೊಳೆದು, ಅದನ್ನು ಹಿಂದಿಗೆ ತಿರುಗಿಸಿ ಬಾಯಿಗೆ ತರೋ ಹೊತ್ತಿಗೆ ಮಾತು ಫುಟ್‌ಬಾಲ್ ದಾಟಿ ರಾಜಕೀಯಕ್ಕೆ ಹ��ಗಿರುತ್ತೆ. ಆರು ತಿಂಗಳಾದ ಮೇಲೆ ಅಪ್ರೈಸಲ್‌ನಲ್ಲಿ "ವಿಸಿಬಿಲಿಟಿ ಕಡಿಮೆ" ಅಂತ ಒಂದು ಸಾಲು ಬೀಳುತ್ತೆ. ನನ್ನ ಪರಿಚಯದಲ್ಲೇ ಇಬ್ಬರಿಗೆ ಹೀಗಾಗಿದೆ. ಒಬ್ಬ ನಿಜಕ್ಕೂ ಅಂತರ್ಮುಖಿ. ಇನ್ನೊಬ್ಬಳು ಊರಿಗೆ ಹೋದ್ರೆ ಮದುವೆ ಮನೆಯನ್ನೇ ಎತ್ತಿ ಇಳಿಸುವವಳು. ಇಬ್ಬರಿಗೂ ಬಿದ್ದದ್ದು ಒಂದೇ ಸಾಲು. ಸ್ವಭಾವದ ಮೌನ ಬೇರೆ, ಭಾಷೆಯ ಮೌನ ಬೇರೆ. ಎರಡಕ್ಕೂ ಒಂದೇ ಔಷಧಿ ಕೊಟ್ಟರೆ ಎರಡೂ ವಾಸಿಯಾಗಲ್ಲ. ಭಾಷೆಯ ಮೌನಕ್ಕೆ ಔಷಧಿ ಭಾಷೆಯೇ. ಮುರುಕು ಬಂಗಾಳಿಯಲ್ಲಿ ನಾಲ್ಕು ಮಾತಾಡಿ ನೋಡಿ, ಇಲ್ಲಿನ ಜನ ನಗ್ತಾರೆ, ಆದ್ರೆ ಖುಷಿಯಿಂದ ನಗ್ತಾರೆ. ಆಮೇಲೆ ನಿಮ್ಮನ್ನು ಬಿಡೋದೇ ಇಲ್ಲ.

ಸ್ವಭಾವದ ಮೌನಕ್ಕೆ ಎರಡೂ ಕಡೆಯಿಂದ ಕೆಲಸ ಆಗಬೇಕು. ನಮ್ಮಲ್ಲಿ ಅನೇಕರು ಈಗ ಟೀಮ್ ಲೀಡ್ ಆಗಿದ್ದೀರಿ. ಯೋಚನೆಯವನಿಗೆ ಡಿಸೈನ್ ಕೊಟ್ಟು "ಇದರಲ್ಲಿ ತಪ್ಪು ಎಲ್ಲಿದೆ?" ಅಂತ ಕೇಳಿ. ಭಾವದವಳನ್ನು ಮೀಟಿಂಗ್‌ನಲ್ಲಿ ಎಲ್ಲರೆದುರು ಕೇಳಬೇಡಿ, ಚಹಾಕ್ಕೆ ನಡೆದು ಹೋಗ್ತಾ ಕೇಳಿ. ಹೊಳಹಿನವನ ಕೈಗೆ ಮಾರ್ಕರ್ ಕೊಟ್ಟು ಬೋರ್ಡ್ ಮುಂದೆ ಬಿಡಿ. ದಾಖಲೆ ಕಾಯುವವಳ ಡಾಕ್ಯುಮೆಂಟ್ ನಿಜವಾಗಿ ಓದಿ, ರಿಲೀಸ್ ಮೇಲ್‌ನಲ್ಲಿ ಅವಳ ಹೆಸರು ಹಾಕಿ. ಇಷ್ಟೇ. ತಂಜಾವೂರಿನ ಪಂಡಿತರಿಗೆ ಆದದ್ದು ನಮ್ಮ ಟೀಮಿನಲ್ಲಿ ಯಾರಿಗೂ ಆಗೋದು ಬೇಡ.

ಅಂತರ್ಮುಖಿಗಳಿಗೂ ಒಂದು ಮಾತಿದೆ. "ನಾನು ಐ.ಎನ್.ಟಿ.ಪಿ., ಅದಕ್ಕೇ ಮಾತಾಡಲ್ಲ" ಅಂತ ಅಕ್ಷರದ ಹಿಂದೆ ಅವಿತುಕೊಳ್ಳೋದು ಬೇಡ. ಹಿರಿಯಣ್ಣನವರು ಸಂಕೋಚದವರಾಗಿದ್ದರೂ ವರ್ಷಗಟ್ಟಲೆ ಕ್ಲಾಸ್ ತೆಗೆದುಕೊಂಡರು, ಬರೆದರು, ಅಚ್ಚಿಗೆ ಕೊಟ್ಟರು. ವೇದಿಕೆ ಬೇಡವೆಂದರೆ ಬೇಡ. ಒಂದು ಒಳ್ಳೆ ಡಿಸೈನ್ ಡಾಕ್ಯುಮೆಂಟ್, ಒಂದು ಉದ್ದದ ಇ-ಮೇಲ್, ಜೂನಿಯರ್ ಒಬ್ಬನಿಗೆ ಕೂತು ಹೇಳಿಕೊಟ್ಟ ಒಂದು ಸಂಜೆ, ಯಾವುದಾದರೂ ಸರಿ. ಟ್ರಂಕಿನಲ್ಲಿ ಬೀಗ ಹಾಕಿಟ್ಟದ್ದನ್ನು ತೆರೆಯುವವರು ಎಲ್ಲರಿಗೂ ಸಿಗಲ್ಲ.

ಬರಹ ಇಲ್ಲಿಗೆ ಮುಗಿಸ್ತೇನೆ. ಮೈಸೂರಿನಿಂದ ಕಲ್ಕತ್ತಾಗೆ, ಕಲ್ಕತ್ತಾದಿಂದ ಮೈಸೂರಿಗೆ ಹೀಗೆ ಓಡಾಡಿದವರು ಇನ್ನೂ ಇದ್ದಾರೆ. ಬಂಗಾಳಿ ಕಲಿತು ಬಂಕಿಮಚಂದ್ರರ ಮೇಲೆ ಕನ್ನಡದಲ್ಲಿ ಪುಸ್ತಕ ಬರೆದು 1961ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಎ.ಆರ್. ಕೃಷ್ಣಶಾಸ್ತ್ರಿಗಳ ಬಗ್ಗೆ ಮುಂದಿನ ಸಲ ಮಾತಾಡೋಣ.